ಗುರುವಿನ ಕಿವಿಗೆ ಬಿದ್ದ ಮಾತು



ಹಳ್ಳಿಖೇಡ (ಬಿ) ಕಡೆಯವರು ಮನಸ್ಸಿನ ಭಾರ ಇಳಿಸಲು ಮಠದ ಅಯ್ಯನವರ ಬಳಿ ಹೋಗುತ್ತಾರೆ, ದರ್ಗಾಕ್ಕೆ ಹೋಗುತ್ತಾರೆ, ಚರ್ಚಿನ ಪಾಸ್ಟರನ್ನು ಕಾಣುತ್ತಾರೆ. ಮಗಳ ಗಂಡನ ಮನೆಯ ಜಗಳ, ಮಗನ ಕುಡಿತ, ಯಾರಿಗೂ ತಿಳಿಯದ ಸಾಲ. ಮರುವಾರ ಅದೇ ಸಂಗತಿ ಪ್ರವಚನದಲ್ಲಿ ಹೆಸರಿಲ್ಲದೆ ಬಂದರೂ ಸಾಕು, ಯಾರ ಮನೆಯದೆಂದು ಊರಿಗೆ ಗೊತ್ತಾಗಿಬಿಡುತ್ತದೆ.

ಈ ಅಪಾಯವನ್ನು ಜೈನ ಆಚಾರ್ಯರು ಬಹಳ ಹಿಂದೆಯೇ ಯೋಚಿಸಿದ್ದರು. ನಮ್ಮ ‘ವಡ್ಡಾರಾಧನೆ’ಯ 19 ಕಥೆಗಳಿಗೆ ಆಧಾರವಾದ ಗಾಹೆಗಳು, ಅಂದರೆ ಪದ್ಯಗಳು, ಇರುವುದು ಪ್ರಾಕೃತದ ‘ಭಗವತೀ ಆರಾಧನಾ’ದಲ್ಲಿ. ಶಿಷ್ಯ ತಪ್ಪೊಪ್ಪಿಕೊಳ್ಳುವ ಗುರುವಿಗೆ ಇರಬೇಕಾದ ಗುಣಗಳನ್ನು ಅದು ಎಣಿಸುತ್ತದೆ. ಅವುಗಳಲ್ಲೊಂದು, ಕೇಳಿದ್ದನ್ನು ಹೊರಗೆ ಸೋರಗೊಡದಿರುವುದು. ಗುಟ್ಟು ಬಯಲಾದರೆ ಆ ಸಾಧು ನಾಚಿಕೆಯಿಂದ ಸಂಘ ಬಿಟ್ಟಾನು, ಪ್ರಾಣವನ್ನೇ ಕಳೆದುಕೊಂಡಾನು ಎಂಬ ಎಚ್ಚರ ಅಲ್ಲಿದೆ. ಹೇಳಿಕೊಂಡವನ ಜೀವದ ಬಗ್ಗೆ ಇಷ್ಟು ಕಾಳಜಿ ತೋರಿದ ನಿಯಮವನ್ನು ಇವತ್ತಿನ ಪ್ರತಿ ಧರ್ಮಗುರುವೂ ಓದಬೇಕು.

12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ತಮ್ಮ ಕುಂದುಗಳನ್ನು ವಚನಗಳಲ್ಲಿ ಬಹಿರಂಗವಾಗಿಯೇ ಆಡಿಕೊಂಡರು. ಆದರೆ ಅದು ಅವರವರ ಬಾಯಿಂದ, ಅವರವರ ಅಂಕಿತದಲ್ಲಿ ಬಂದದ್ದು. ತನ್ನ ತಪ್ಪನ್ನು ತಾನು ಹೇಳುವುದು ಧೈರ್ಯ. ಇನ್ನೊಬ್ಬರದನ್ನು ಹೇಳುವುದು ದ್ರೋಹ.

ಕ್ಯಾಥೊಲಿಕ್ ಸಭೆ 1215ರಲ್ಲಿ ಪಾಪನಿವೇದನೆಯ ಗುಟ್ಟು ಒಡೆದ ಪಾದ್ರಿಗೆ ಕಠಿಣ ಶಿಕ್ಷೆ ವಿಧಿಸಿತು. 2018ರಲ್ಲಿ ಕೇರಳದಲ್ಲಿ, ಮಹಿಳೆಯೊಬ್ಬರ ಪಾಪನಿವೇದನೆಯನ್ನೇ ಹಿಡಿದು ಬೆದರಿಸಿದರೆಂಬ ಆರೋಪ ಬೇರೊಂದು ಕ್ರೈಸ್ತ ಸಭೆಯಾದ ಮಲಂಕರ ಆರ್ಥೊಡಾಕ್ಸ್ ಸಭೆಯ ಪಾದ್ರಿಗಳ ಮೇಲೆ ಬಂತು. ಈ ಪದ್ಧತಿಯನ್ನೇ ನಿಲ್ಲಿಸಿ ಎಂದಿತು ರಾಷ್ಟ್ರೀಯ ಮಹಿಳಾ ಆಯೋಗ. ನಾನು ಒಪ್ಪುವುದಿಲ್ಲ. ನೊಂದವರಿಗೆ ಹೇಳಿಕೊಳ್ಳಲು ಒಂದು ಜಾಗ ಬೇಕೇ ಬೇಕು.

ಕಾನೂನು ಏನನ್ನುತ್ತದೆ? 1872ರ ಸಾಕ್ಷ್ಯ ಅಧಿನಿಯಮ ಗಂಡಹೆಂಡಿರ ಮಾತಿಗೆ, ವಕೀಲರಿಗೆ ಹೇಳಿದ ಮಾತಿಗೆ ರಕ್ಷಣೆ ಕೊಟ್ಟಿತು. ಧರ್ಮಗುರುವಿಗೆ ಹೇಳಿದ್ದಕ್ಕೆ ಕೊಡಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಕಾನೂನೂ ಕೊಟ್ಟಿಲ್ಲ. ಕೋರ್ಟು ಕೇಳಿದರೆ ಗುರು ಬಾಯಿ ಬಿಡಬೇಕಾದೀತು. ಊರಿನ ಕಟ್ಟೆಗೆ ಮಾತ್ರ ಆ ಹಕ್ಕಿಲ್ಲ.

ಒಂದು ಕಡೆ ಮೌನ ಸಲ್ಲದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಕಾವಿ, ನಿಲುವಂಗಿ, ಹಸಿರು ಶಾಲು ಯಾವುದಕ್ಕೂ ಅದರಲ್ಲಿ ವಿನಾಯಿತಿಯಿಲ್ಲ.