ಒಂದೇ ಅತ್ತರು, ಮೂರು ಕೈ

(ಅಣ್ಣಿಗೇರಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ಎದುರು ನಮ್ಮ ವರದಿಗಾರರು ಮಾಡಿದ ಮಾತಿನ ಬರಹ ರೂಪ)



ಮಾತು ಶುರು ಮಾಡುವ ಮೊದಲು ಮುಂದಿನ ಸಾಲಿನಲ್ಲಿ ಕುಳಿತ ಮೂವರ ಮುಂಗೈಗೆ ಒಂದೊಂದು ಹನಿ ಅತ್ತರು ಹಚ್ಚಿದ್ದೇನೆ. ಮೂವರಿಗೂ ಒಂದೇ ಬಾಟ್ಲಿಯದು. ಉಜ್ಜಬೇಡಿ, ಹಾಗೇ ಬಿಡಿ. ನನ್ನ ಮಾತು ಮುಗಿಯುವ ಹೊತ್ತಿಗೆ ಅದಕ್ಕೂ ಹೇಳುವುದು ಏನಾದರೂ ಇರುತ್ತದೆ.

ಅತ್ತರಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಕಚೇರಿಯಲ್ಲಿ ಗೆಳೆಯರು ನಕ್ಕರು. ಬೆಣ್ಣಿಹಳ್ಳದ ನೆರೆ, ಮಹದಾಯಿ ನೀರು, ಹೆಸರು ಮತ್ತು ಹತ್ತಿಯ ದರ, ನವಲಗುಂದ ಕಡೆಯ ವರದಿಗಾರನಿಗೆ ಬರೆಯಲು ಇಷ್ಟೆಲ್ಲ ಇರುವಾಗ ಈ ಶೋಕಿ ಯಾಕೆ ಎಂದರು. ಅವರ ಮಾತು ಸುಳ್ಳಲ್ಲ. ಆದರೆ ಪತ್ರಿಕೋದ್ಯಮದ ಡಿಪ್ಲೊಮಾ ತರಗತಿಯಲ್ಲಿ ನನಗೆ ಕಂಡದ್ದನ್ನು, ಕೇಳಿದ್ದನ್ನು ಬರೆಯುವುದು ಕಲಿಸಿದರು. ಮೂಸಿದ್ದನ್ನು ಬರೆಯುವುದು ಹೇಗೆಂದು ಯಾರೂ ಕಲಿಸಲಿಲ್ಲ. ಒಂದು ಊರಿನಲ್ಲಿ ಯಾರು ಪರಿಮಳ ಹಚ್ಚಿಕೊಳ್ಳಬಹುದು, ಯಾರು ಹಚ್ಚಿಕೊಳ್ಳಬಾರದು ಎಂಬುದೂ ಒಂದು ಸುದ್ದಿಯೇ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಅತ್ತರು ಎಂದರೇನು ನೋಡೋಣ. ಹೆಸರು ಅರಬ್ಬಿ ಮೂಲದ್ದು, ಅರ್ಥ ಪರಿಮಳ. ಇದರಲ್ಲಿ ಸೆಂಟಿನ ಹಾಗೆ ಮದ್ಯಸಾರ ಇರುವುದಿಲ್ಲ. ಹಳೆಯ ಕ್ರಮದಲ್ಲಿ ಇದನ್ನು ಇಂದಿಗೂ ಭಟ್ಟಿ ಇಳಿಸುವ ಊರು ಉತ್ತರ ಪ್ರದೇಶದ ಕನೌಜ್. ನಮ್ಮ ಇಮ್ಮಡಿ ಪುಲಿಕೇಶಿ ಎದುರಿಸಿದ ಹರ್ಷವರ್ಧನನ ರಾಜಧಾನಿ ಅದೇ. ಅಲ್ಲಿ ತಾಮ್ರದ ದೊಡ್ಡ ಹಂಡೆಗೆ ಹೂ ಮತ್ತು ನೀರು ತುಂಬಿ, ಬಾಯಿಗೆ ಮುಚ್ಚಳವಿಟ್ಟು ಮಣ್ಣು ಮೆತ್ತುತ್ತಾರೆ. ಕೆಳಗೆ ಕಟ್ಟಿಗೆ, ಕುಳ್ಳಿನ ಉರಿ. ಹಬೆಯು ಹಗ್ಗ ಸುತ್ತಿದ ಬಿದಿರಿನ ಕೊಳವೆಯ ಮೂಲಕ ನೀರಿನ ತೊಟ್ಟಿಯಲ್ಲಿ ಕೂತ ಇನ್ನೊಂದು ತಾಮ್ರದ ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಹಾಕಿಟ್ಟಿರುತ್ತಾರೆ. ಹೂವಿನ ಪರಿಮಳವನ್ನು ಹಿಡಿದಿಟ್ಟುಕೊಳ್ಳುವುದು ಆ ಎಣ್ಣೆ. ನೀರನ್ನು ಬೇರ್ಪಡಿಸಿ, ಹೊಸ ಹೂ ಹಾಕಿ, ಹಲವು ದಿನ ಇದೇ ಕೆಲಸ. ಕೊನೆಗೆ ಉಳಿದ ಪಸೆ ಆರಲೆಂದು ಚರ್ಮದ ಕುಪ್ಪಿಯಲ್ಲಿ ತುಂಬಿಡುತ್ತಿದ್ದರು.

ಅಂದರೆ ಅಸಲಿ ಅತ್ತರಿನ ಮೈಯೆಲ್ಲ ಶ್ರೀಗಂಧ. ಆ ಮರ ನಮ್ಮ ನಾಡಿನದು. 1792ರಲ್ಲಿ ಟಿಪ್ಪು ಸುಲ್ತಾನ ಅದನ್ನು ರಾಜವೃಕ್ಷವೆಂದು ಸಾರಿದ. ಮೊದಲ ಮಹಾಯುದ್ಧ ಬಂದು ಯೂರೋಪಿಗೆ ಗಂಧದ ಕಟ್ಟಿಗೆ ಹೋಗುವುದು ನಿಂತಾಗ, ಮೈಸೂರು ಸಂಸ್ಥಾನ 1916–17ರಲ್ಲಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ ತಾನೇ ಎಣ್ಣೆ ತೆಗೆಯಲು ಶುರು ಮಾಡಿತು. ಮರ ಹಿತ್ತಲಲ್ಲಿ ಬೆಳೆದರೂ ಒಡೆತನ ಸರ್ಕಾರದ್ದು ಎಂಬ ಕಾನೂನು 2001ರಲ್ಲಿ ಬದಲಾಯಿತು. ಅಷ್ಟರಲ್ಲಿ ಕಾಡಿನ ಗಂಧ ಬಹಳಷ್ಟು ಕರಗಿತ್ತು, ಬೆಲೆ ಏರಿತ್ತು. ಹೀಗಾಗಿ ಇಂದು ಜಾತ್ರೆಯಲ್ಲಿ ಸಿಗುವ ಅಗ್ಗದ ಬಾಟ್ಲಿಗಳಲ್ಲಿ ಗಂಧದ ಜಾಗಕ್ಕೆ ವಾಸನೆಯಿಲ್ಲದ ಪ್ಯಾರಾಫಿನ್ ಎಣ್ಣೆ, ಹೂವಿನ ಜಾಗಕ್ಕೆ ರಾಸಾಯನಿಕ ಬಂದು ಕೂತಿವೆ. ಲೆಕ್ಕ ಸರಳವಾಗಿದೆ. ಒಂದು ಕೆಜಿ ಗುಲಾಬಿ ಎಣ್ಣೆಗೆ ಮೂರು–ನಾಲ್ಕು ಸಾವಿರ ಕೆಜಿ ಹೂ ಬೇಕು. ಎರಡು ಕಪ್ಪು ಚಹಾದ ಬೆಲೆಗೆ ಅದು ಸಿಗುವುದಿಲ್ಲ. ನಾನು ಕೊಳ್ಳುವ ಅಜ್ಜ ಇದನ್ನು ಮುಚ್ಚಿಡುವುದಿಲ್ಲ. ಒಂದು ಸಾಲು ತೋರಿಸಿ, "ಇವು ಕಂಪನಿ ಮಾಲ್ರಿ" ಎನ್ನುತ್ತಾನೆ. ಪೆಟ್ಟಿಗೆಯ ತಳದಿಂದ ನಾಲ್ಕು ಚಿಕ್ಕ ಬಾಟ್ಲಿ ತೆಗೆದು, "ಇವು ಖರೇವು. ರೊಕ್ಕ ಇದ್ರ ಕೇಳ್ರಿ" ಎನ್ನುತ್ತಾನೆ.

ಆ ನಾಲ್ಕನ್ನೂ ಸ್ವಲ್ಪ ಸ್ವಲ್ಪ ಕೊಂಡು, ದಿನಕ್ಕೊಂದರಂತೆ ಹಚ್ಚಿಕೊಂಡು ನಾನು ನನ್ನ ಕೆಲಸದ ಹಾದಿ ಹಿಡಿದೆ. ಅದರ ವರದಿ ಇದು.

ಮೊದಲ ದಿನ ಗುಲಾಬಿ. ಹಚ್ಚಿಕೊಂಡು ನವಲಗುಂದದ ಬಸ್ಸು ಹತ್ತಿದೆ. ಮೊದಲ ಹತ್ತು ನಿಮಿಷ ಮದುವೆ ಮನೆಯ ಪನ್ನೀರು. ತಾಲೂಕು ಕಚೇರಿಯ ಪಾಳಿಯಲ್ಲಿ ನಿಂತಾಗ ಬಿಸಿಲಿಗೆ ಹೂ ಹೋಗಿ ಜೇನಿನಂಥದೇನೋ ಉಳಿಯಿತು. ಮಧ್ಯಾಹ್ನ ನನಗೆ ಏನೂ ಬರುತ್ತಿರಲಿಲ್ಲ, ಮುಗಿಯಿತೆಂದುಕೊಂಡೆ. ಆದರೆ ಚಹಾದಂಗಡಿಯವ "ಯಾರದರ ಮದಿವಿಗೆ ಹೊಂಟೀರೇನ್ರಿ?" ಎಂದ.

ಎರಡನೆಯ ದಿನ ಖಸ್, ಅಂದರೆ ಲಾವಂಚದ ಬೇರಿನದು. ಕಲಘಟಗಿಯಲ್ಲಿ ತೊಟ್ಟಿಲಿಗೆ ಅರಗಿನ ಬಣ್ಣ ಕೂಡಿಸುವವರ ಮನೆಯಲ್ಲಿ ಕೂತಿದ್ದೆ. ಬಿಸಿ ಅರಗಿನ ವಾಸನೆಯ ನಡುವೆಯೂ ಮುಂಗೈ ಹಸಿ ನೆಲದ ತಂಪನ್ನು ಹೇಳುತ್ತಲೇ ಇತ್ತು. ಸಂಜೆಯವರೆಗೂ ಬದಲಾಗದೆ ಉಳಿದದ್ದು ಇದೊಂದೇ.

ಮೂರನೆಯ ದಿನ ಹಿನಾ. ಇದು ಒಂದೇ ಹೂವಿನದಲ್ಲ. ಲವಂಗ, ಏಲಕ್ಕಿ, ಜಾಯಿಕಾಯಿ, ಜಟಾಮಾಂಸಿ, ನಮ್ಮ ದಗಡಫೂಲ, ಹೀಗೆ ಹತ್ತಾರು ಸಾಮಾನು ಕೂಡಿಸಿ ಇಳಿಸಿದ್ದು. ಬಾಗಿಲಲ್ಲೇ ಅವ್ವ ತಡೆದು, "ಎಲ್ಲಿ ಮಸಾಲಿ ಖಾರ ಕುಟ್ಟಿ ಬಂದೀಯೋ?" ಎಂದಳು. ಅವಳ ಮೂಗು ತಪ್ಪಲಿಲ್ಲ. ದಗಡಫೂಲ ಎರಡು ಕಡೆಗೂ ಇದೆ. ರಾತ್ರಿ ಅಂಗಿ ಕಳೆಯುವಾಗ ಮಸಾಲೆ ಹೋಗಿ, ಹಳೆಯ ಸಂದೂಕ ತೆರೆದಂಥ ಬೆಚ್ಚಗಿನ ಗಂಧ ಉಳಿದಿತ್ತು.

ನಾಲ್ಕನೆಯದು ಮಣ್ಣಿನ ಅತ್ತರು. ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಹಂಡೆಗೆ ಹಾಕಿ ಇಳಿಸುತ್ತಾರೆ. ಮೊದಲ ಮಳೆಯ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪೆಟ್ರಿಕೋರ್ ಎಂದು ಹೆಸರಿಟ್ಟರು. ಅದಕ್ಕಿಂತ ಮೊದಲೇ ಕನೌಜಿನವರು ಅದನ್ನು ಬಾಟ್ಲಿಗೆ ತುಂಬಿದ್ದರು. ಎರೆ ಹೊಲದ ಬದುವಿನಲ್ಲಿ ರೈತರೊಬ್ಬರಿಗೆ ಕೈ ಚಾಚಿದೆ. ಮೂಸಿ ಸುಮ್ಮನಾದರು. ಆಮೇಲೆ, "ಇದು ಕೆಂಪ ಮಣ್ಣಿಂದೈತಿ, ನಮ್ಮ ಎರಿದಲ್ಲ" ಎಂದರು. ಆ ತಪ್ಪು ಹಿಡಿಯಲು ಯಾವ ಪ್ರಯೋಗಶಾಲೆಯೂ ಬೇಕಾಗಲಿಲ್ಲ.

ಈಗ ಪ್ರಶ್ನೆ. ಒಂದೇ ಅತ್ತರು ಗಳಿಗೆಗೊಂದು, ಕೈಗೊಂದು ವಾಸನೆ ಕೊಡುವುದೇಕೆ? ಅದರಲ್ಲಿರುವುದು ಒಂದು ವಸ್ತುವಲ್ಲ, ನೂರಾರು. ಹಗುರಾದವು ಬೇಗ ಹಾರುತ್ತವೆ, ಭಾರವಾದವು ನಿಧಾನ. ಹಾರುವ ವೇಗವನ್ನು ನಿರ್ಧರಿಸುವುದು ಮೈಯ ಬಿಸಿ, ಬೆವರು, ಚರ್ಮದ ಜಿಡ್ಡು. ಒಣಗಿದ ಕೈಯಲ್ಲಿ ಪರಿಮಳ ಬೇಗ ಆರುತ್ತದೆ, ಎಣ್ಣೆಗೈಯಲ್ಲಿ ನಿಲ್ಲುತ್ತದೆ. ನಮ್ಮ ದವನದ ಎಣ್ಣೆ ಇದಕ್ಕೇ ಹೆಸರಾದದ್ದು. ಒಬ್ಬೊಬ್ಬರ ಮೈಮೇಲೆ ಒಂದೊಂದು ಬಗೆಯಾಗಿ ಅರಳುತ್ತದೆಂದು ಪರಿಮಳದ ವ್ಯಾಪಾರದವರು ಅದನ್ನು ಹುಡುಕಿಕೊಂಡು ಬರುತ್ತಾರೆ.

ಇನ್ನೊಂದು ಕಾರಣ ಮೂಗಿನಲ್ಲಿದೆ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆ. ಇವುಗಳ ವಂಶವಾಹಿಗಳನ್ನು ಕಂಡುಹಿಡಿದದ್ದಕ್ಕೆ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಈ ವಂಶವಾಹಿಗಳು ಒಬ್ಬರಿಂದ ಒಬ್ಬರಿಗೆ ತುಸು ತುಸು ಬೇರೆ. ಹೀಗಾಗಿ ನಿಮ್ಮ ಗುಲಾಬಿಯೂ ನನ್ನ ಗುಲಾಬಿಯೂ ಪೂರ್ತಿ ಒಂದೇ ಅಲ್ಲ. ಜೊತೆಗೆ ಮೂಗು ಬೇಗ ರೂಢಿಯಾಗುತ್ತದೆ. ನವಲಗುಂದದಲ್ಲಿ ನನ್ನ ಗುಲಾಬಿ ನನಗೇ ಕಾಣದೆ ಚಹಾದವನಿಗೆ ಕಂಡದ್ದು ಅದಕ್ಕೇ. ಇನ್ನೂ ಒಂದು ಮಾತು. ವಾಸನೆಯ ಸುದ್ದಿ ಮಿದುಳಿನಲ್ಲಿ ನೆನಪು ಮತ್ತು ಭಾವನೆಯ ಜಾಗಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ಹೆಸರು ಹೊಳೆಯುವ ಮೊದಲೇ ಕಣ್ಣು ತುಂಬುವುದು ಅದರಿಂದ.

ನೀವು ಕುಳಿತಿರುವ ಈ ಊರು ಕಲ್ಯಾಣ ಚಾಲುಕ್ಯರ ಕಡೆಯ ರಾಜಧಾನಿ. ಆ ಮನೆತನದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಯಾವ ಋತುವಿಗೆ ಯಾವ ಲೇಪನ ಎಂಬ ವಿವರವಿದೆ. ಅದಕ್ಕೂ ಮೊದಲು, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯ ಕನ್ನಡದಲ್ಲೇ ಬರೆದ ಲೋಕೋಪಕಾರದಲ್ಲಿ ಬೇಸಾಯ, ಅಡುಗೆ, ದನದ ವೈದ್ಯದ ಜೊತೆಗೆ ಪರಿಮಳ ಕೂಡಿಸುವ ವಿದ್ಯೆಯೂ ಇದೆ. ಪರಿಮಳ ಆಗ ಬಾವಿ ತೋಡುವುದರಷ್ಟೇ ಲೋಕಕ್ಕೆ ಬೇಕಾದ ಸಂಗತಿ. ಮುಂದೆ ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನಿಗಾಗಿ ಇತ್ರ್-ಇ-ನೌರಸ್ ಶಾಹಿ ಎಂಬ ಪರಿಮಳ ಗ್ರಂಥವೇ ಹುಟ್ಟಿತು. ಕುಂದಗೋಳದ ಹಿರಿಯರೊಬ್ಬರು ನನಗೆ ಹೇಳಿದರು: ಹಿಂದೆ ಗಾಯನದ ಬೈಠಕ್ಕಿಗೆ ಬಂದವರ ಕೈಗೆ ಮೊದಲು ಅತ್ತರು, ಮೇಲೆ ಪನ್ನೀರು, ಆಮೇಲೆ ಎಲೆ ಅಡಿಕೆ. ಯಾವ ಜಾತಿಯ ಕೈ ಎಂದು ಕೇಳಿ ಹಚ್ಚುತ್ತಿರಲಿಲ್ಲ.

ಈಗ ಕೆಲವರು ಗಂಧ ನಮ್ಮದು, ಅತ್ತರು ಅವರದು ಎನ್ನುತ್ತಾರೆ. ಅತ್ತರಿನ ಒಡಲಲ್ಲೇ ಗಂಧವಿದೆ. ನಮ್ಮ ಕಡೆ ಉರುಸಿನ ಮೊದಲ ದಿನದ ಹೆಸರೇ ಗಂಧ. ಬೆಣ್ಣಿಹಳ್ಳದ ದಂಡೆಯ ಯಮನೂರಿನಲ್ಲಿ ಒಂದೇ ಗದ್ದುಗೆಯನ್ನು ಒಬ್ಬರು ಚಾಂಗದೇವ ಎನ್ನುತ್ತಾರೆ, ಇನ್ನೊಬ್ಬರು ರಾಜಾಬಾಗಸವಾರ ಎನ್ನುತ್ತಾರೆ. ಗೆರೆ ಎಳೆಯಲು ಹೊರಟವರು ಆ ಹಳ್ಳದ ನೀರನ್ನೂ ಎರಡು ಮಾಡಬೇಕಾದೀತು.

ಆದರೆ ಗೆರೆ ಬೇರೆ ಕಡೆ ಇತ್ತು. ನಾನು ಅದನ್ನು ಕಂಡದ್ದು ಆ ಯಮನೂರಿನಲ್ಲೇ.

ನನಗೆ ಆಗ ಎಂಟೋ ಒಂಬತ್ತೋ ವರ್ಷ. ನಮ್ಮ ಆಯಿಯ ಕೈ ಹಿಡಿದು ಜಾತ್ರೆಗೆ ಹೋಗಿದ್ದೆ. ಅತ್ತರಿನ ಪೆಟ್ಟಿಗೆಯ ಅಜ್ಜ ಕಡ್ಡಿಗೆ ಅರಳೆ ಸುತ್ತಿ, "ಅವ್ವಾರ, ಕೈ ಮುಂದ ಮಾಡ್ರಿ. ರೊಕ್ಕ ಬ್ಯಾಡ" ಎಂದ. ಆಯಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನನಗ ಬ್ಯಾಡಪ್ಪಾ, ಹುಡುಗಗ ಹಚ್ಚು" ಎಂದಳು. ಮುತ್ಯಾ ತೀರಿಕೊಂಡಾಗ ಆಯಿಗೆ ಮೂವತ್ತೆರಡು ವರ್ಷ. ಅಂದಿನಿಂದ ಹೂವಿಲ್ಲ, ಬಳೆಯಿಲ್ಲ, ಪರಿಮಳವಿಲ್ಲ. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ಎಲ್ಲರಿಗೂ ಗೊತ್ತಿದ್ದದ್ದು. ನನ್ನ ಕೈಗೆ ಖಸ್ ಹಚ್ಚಿದರು. ಊರಿಗೆ ಮರಳುವಾಗ ಟ್ರ್ಯಾಕ್ಟರಿನಲ್ಲಿ ಆಯಿ ನನ್ನ ಕೈಯನ್ನು ಬಿಡಲೇ ಇಲ್ಲ. ಬೀಳುತ್ತೇನೆಂದು ಹಿಡಿದಿದ್ದಾಳೆ ಎಂದುಕೊಂಡಿದ್ದೆ. ಕೈಯನ್ನು ಅವಳು ಮೂಗಿನ ಹತ್ತಿರ ಹಿಡಿದಿದ್ದಳು ಎಂಬುದು ಹೊಳೆಯಲು ನನಗೆ ಹದಿನೈದು ವರ್ಷ ಬೇಕಾಯಿತು.

ಈ ವರದಿಗಾಗಿ ಓಡಾಡುತ್ತಿದ್ದಾಗ ಖಸ್ ಬಾಟ್ಲಿ ತಂದು ಆಯಿಯ ಮುಂದೆ ಇಟ್ಟೆ. ಅವಳು ಮೊದಲು ಬಾಗಿಲ ಕಡೆ ನೋಡಿದಳು. ಆಮೇಲೆ, "ಎಲ್ಲವ್ವಗ ಎರಡ ತಿಂಗಳಿಗೆ ಮತ್ತ ಬಳಿ ಬರ್ತಾವ. ನನಗ ನಲವತ್ತೈದ ವರ್ಷಾತು" ಎಂದಳು. ಸವದತ್ತಿಯ ಗುಡ್ಡದ ಸಂಗತಿ ನಿಮಗೆ ಗೊತ್ತು. ಹೊಸ್ತಿಲ ಹುಣ್ಣಿಮೆಗೆ ಎಲ್ಲಮ್ಮ ರಂಡೆಯಾಗುತ್ತಾಳೆ, ಭಾರತ ಹುಣ್ಣಿಮೆಗೆ ಮುತ್ತೈದೆಯಾಗುತ್ತಾಳೆ. ಬೆನ್ನುಹತ್ತಿ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಆ ಎರಡನೆಯ ಹುಣ್ಣಿಮೆ ಬರುವುದೇ ಇಲ್ಲ.

ನಾನೇ ಅವಳ ಮುಂಗೈಗೆ ಒಂದು ಹನಿ ಹಚ್ಚಿದೆ. ಬಹಳ ಹೊತ್ತು ಮೂಸಿದಳು. "ಇದು ಅದಲ್ಲ" ಎಂದಳು. ಅದೇ ಐತಿ ಆಯಿ ಎಂದೆ. "ಅಲ್ಲೋ ತಮ್ಮಾ. ಅದು ನಿನ್ನ ಕೈಯಾಗ ಬ್ಯಾರೆ ಇತ್ತು." ಇಷ್ಟು ಹೊತ್ತು ನಾನು ನಿಮಗೆ ಹೇಳಿದ ವಿಜ್ಞಾನವನ್ನೆಲ್ಲ ಅವಳು ಒಂದು ಮಾತಿನಲ್ಲಿ ಮುಗಿಸಿದಳು. ಬೇರೆಯವರ ಕೈಯಲ್ಲಿ ಮೂಸಿದ ಪರಿಮಳ ಬೇರೆ. ತನ್ನ ಮೈಮೇಲೆ ಅದು ಹೇಗಿರುತ್ತದೆ ಎಂಬುದನ್ನು ಅವಳಿಗೆ ತಿಳಿಯಗೊಟ್ಟಿರಲೇ ಇಲ್ಲ.

ಮುಂದೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾದೀತು. ಸಂಜೆ ನೆಂಟರೊಬ್ಬರು ಬರುತ್ತಾರೆಂದು ಆಯಿ ಕೈ ತೊಳೆದುಕೊಂಡಳು. ಆದರೆ ಬಾಟ್ಲಿಯನ್ನು ಮರಳಿ ಕೊಡಲಿಲ್ಲ. ಒಂದು ವಾರದ ಮೇಲೆ ಅವಳು ಹೊಸ ಸೀರೆ ಉಟ್ಟು ಬಂದಾಗ ಲಾವಂಚದ ತಂಪು ತಟ್ಟಿತು. ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ. ಅರಳೆಗೆ ನಾಲ್ಕು ಹನಿ ಹಾಕಿ ಸಂದೂಕದಲ್ಲಿ ಸೀರೆಗಳ ನಡುವೆ ಇಟ್ಟಿದ್ದಳಂತೆ. ಯಾರಾದರೂ ಕೇಳಿದರೆ, "ಹುಳ ಹಿಡೀಬಾರದಂತ ಇಟ್ಟೇನಿ" ಎನ್ನುತ್ತಾಳೆ. ಬಟ್ಟೆಯವರೆಗೆ ಬಂದಿದೆ. ಮೈಯವರೆಗೆ ಬರಬೇಕಾದದ್ದು ಇನ್ನೂ ಇದೆ. ಅದು ಆಯಿಯೊಬ್ಬಳ ಕೆಲಸವಲ್ಲ, ಬಾಗಿಲಾಚೆ ನಿಂತಿರುವ ನಮ್ಮೆಲ್ಲರದು.

ಮುಂದಿನ ಸಾಲಿನ ಮೂವರೂ ಈಗ ನಿಮ್ಮ ಕೈ ಮೂಸಿ. ಆಮೇಲೆ ಪಕ್ಕದವರ ಕೈ ಮೂಸಿ. ಬೇರೆ ಬೇರೆ ಅನ್ನಿಸಿದರೆ ಯಾರೂ ಸುಳ್ಳು ಹೇಳುತ್ತಿಲ್ಲವೆಂದು ತಿಳಿಯಿರಿ. ಉಳಿದವರಿಗೂ ಹಚ್ಚೋಣ, ಬಾಟ್ಲಿಯಲ್ಲಿ ಇನ್ನೂ ಇದೆ. ಮನೆಗೆ ಹೋದ ಮೇಲೆ, ಜಾತ್ರೆಯಲ್ಲಿ ನಿಮ್ಮ ಕೈಗೆ ಹಚ್ಚಿಸಿ ತಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡವರು ಯಾರಾದರೂ ಇದ್ದರೇ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ.