ನಾಚಿಕೆ ಬಿಟ್ಟು ಕೇಳಿ

(ಮಹಿಳಾ ಸಂಘದ ಸಭೆಯಲ್ಲಿ ಆರೋಗ್ಯ ಸಹಾಯಕಿ ಆಡಿದ ಮಾತು)



ಇವತ್ತಿನ ಮಾತು ಸ್ವಲ್ಪ ನಾಚಿಕೆಯದು. ನಗೋರು ಈಗಲೇ ನಕ್ಕುಬಿಡಿ. ಆಮೇಲೆ ಕೇಳಿ.

ಹುಡುಗರು ಕಬಡ್ಡಿ ಆಡ್ತಾರೆ, ಕ್ರಿಕೆಟ್ ಆಡ್ತಾರೆ. ಮೊಣಕಾಲು ತಗಲುತ್ತೆ, ಚೆಂಡು ಬಡಿಯುತ್ತೆ. ಪೆಟ್ಟು ಬೀಜಕ್ಕೆ ಬಿದ್ದರೆ ಹುಡುಗ ಮನೇಲಿ ಹೇಳೋದಿಲ್ಲ. "ಹೊಟ್ಟೆ ನೋವು" ಅಂತ ಮುದುಡಿ ಮಲಗ್ತಾನೆ. ನಾವು ಓಮದ ಕಷಾಯ ಕುಡಿಸ್ತೀವಿ! ಅದಕ್ಕೇ ಬಿಡಿಸಿ ಕೇಳಿ: "ಕೆಳಗೆ ಪೆಟ್ಟು ಬಿತ್ತೇನಪ್ಪಾ? ಬೀಜ ನೋಯುತ್ತಾ?" ನಿಮ್ಮ ಹತ್ತಿರ ಹೇಳದಿದ್ದರೆ ಅವರಪ್ಪನೋ ಮಾವನೋ ಕೇಳಲಿ.

ಸಣ್ಣ ಪೆಟ್ಟಾದರೆ ನೋವು ಒಂದು ಗಂಟೆಯೊಳಗೆ ಇಳಿಯುತ್ತೆ. ಮಲಗಿಸಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 10-15 ನಿಮಿಷ ಇಡಿ. ಎಣ್ಣೆ ಹಚ್ಚಿ ಉಜ್ಜಬೇಡಿ. ಬಿಸಿ ಶಾಖ ಬೇಡ.

ಒಂದು ಗಂಟೆಯಾದರೂ ನೋವು ಇಳಿಯಲಿಲ್ಲವೇ? ಊದಿಕೊಂಡಿದೆಯೇ? ವಾಂತಿಯಾಯಿತೇ? ಒಂದು ಬೀಜ ಮೇಲಕ್ಕೆ ಎಳೆದುಕೊಂಡಿದೆಯೇ? ಉಚ್ಚೆಯಲ್ಲಿ ರಕ್ತ ಬಂತೇ? ಹಾಗಾದರೆ ಕಾಯಬೇಡಿ.

ಯಾಕೆ ಅಂದರೆ, ಬೀಜ ಒಂದು ಹುರಿಯಿಂದ ತೂಗಾಡುತ್ತೆ. ಅದಕ್ಕೆ ರಕ್ತ ಬರೋದು ಆ ಹುರಿಯೊಳಗಿಂದ. ನೀರಿನ ಪೈಪು ತಿರುಚಿದರೆ ನೀರು ನಿಲ್ಲಲ್ವಾ? ಹಾಗೇ ಹುರಿ ತಿರುಚಿದರೆ ರಕ್ತ ನಿಲ್ಲುತ್ತೆ. 6 ಗಂಟೆಯೊಳಗೆ ಬಿಡಿಸಿದರೆ ಬೀಜ ಹೆಚ್ಚಾಗಿ ಉಳಿಯುತ್ತೆ. ಒಂದು ದಿನ ಕಳೆದರೆ ಉಳಿಯೋದು ಅಪರೂಪ. 12ರಿಂದ 18 ವರ್ಷದ ಹುಡುಗರಲ್ಲಿ ಇದು ಹೆಚ್ಚು. ಪೆಟ್ಟೇ ಬೀಳದೆ, ನಿದ್ದೆಯಲ್ಲೂ ಆಗುತ್ತೆ.

ಸಂಜೆ 7ಕ್ಕೆ ನೋವು ಶುರುವಾದರೆ ರಾತ್ರಿ 1ಕ್ಕೆ ಆರು ಗಂಟೆ ಮುಗೀತು. "ಬೆಳಗಾಗಲಿ" ಅನ್ನೋ ಹಾಗಿಲ್ಲ. 108ಕ್ಕೆ ಫೋನ್ ಮಾಡಿ. ಆಪರೇಷನ್ ಮಾಡುವ ಡಾಕ್ಟರು ಇರುವ ದೊಡ್ಡ ಆಸ್ಪತ್ರೆಗೇ ಹೋಗಿ. ದಾರಿಯಲ್ಲಿ ಊಟ, ಟೀ ಕೊಡಬೇಡಿ. ಆಪರೇಷನ್‌ಗೆ ಹೊಟ್ಟೆ ಖಾಲಿ ಇರೋದು ಒಳ್ಳೇದು. ನೋವು ಎಷ್ಟು ಹೊತ್ತಿಗೆ ಶುರುವಾಯಿತು ಅಂತ ಡಾಕ್ಟರಿಗೆ ತಪ್ಪದೆ ಹೇಳಿ.

ಅಲ್ಲಿ ಮುಟ್ಟಿ ನೋಡ್ತಾರೆ. ರಕ್ತ ಹರಿಯುತ್ತಿದೆಯೇ, ಬೀಜ ಒಡೆದಿದೆಯೇ ಅಂತ ಸ್ಕ್ಯಾನ್ ಮಾಡ್ತಾರೆ. ಅನುಮಾನ ಬಲವಾಗಿದ್ದರೆ ಸ್ಕ್ಯಾನಿಗೂ ಕಾಯದೆ ಆಪರೇಷನ್ ಮಾಡ್ತಾರೆ. ತಿರುಚಿದ್ದನ್ನು ಬಿಡಿಸಿ, ಮತ್ತೆ ತಿರುಚದ ಹಾಗೆ ಎರಡೂ ಬೀಜಕ್ಕೆ ಹೊಲಿಗೆ ಹಾಕ್ತಾರೆ. ಒಡೆದಿದ್ದರೆ ಹೊಲೀತಾರೆ. ಸತ್ತೇ ಹೋಗಿದ್ದರೆ ತೆಗೀತಾರೆ.

"ಒಂದು ತೆಗೆದರೆ ಮದುವೆ ಗತಿ ಏನು?" ಅಂತ ತಾಯಂದಿರು ಅಳ್ತಾರೆ. ಉಳಿದ ಒಂದು ಚೆನ್ನಾಗಿದ್ದರೆ ಮಕ್ಕಳಾಗ್ತವೆ. ಆದರೆ ಅದನ್ನು ಜೋಪಾನ ಮಾಡಬೇಕು. ಕ್ರಿಕೆಟ್ ಆಡುವವನಿಗೆ ಬ್ಯಾಟಿನ ಜೊತೆ ಗಾರ್ಡ್ ಕೂಡ ಕೊಡಿಸಿ. ಚಡ್ಡಿಯೊಳಗೆ ಇಟ್ಟುಕೊಳ್ಳುವ ಗಟ್ಟಿ ಬಟ್ಟಲು ಅದು. ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ.