ಪಾಸಾದವರ ಪಟ್ಟಿ ಸಾಲದು

(ಹಳೆಯ ಸಹಪಾಠಿಗಳ ಕೂಟದ ಸಿದ್ಧತೆಗಾಗಿ ಅರಸೀಕೆರೆಯಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



1973ರಲ್ಲಿ ನಾವು ಹಾಸನದಲ್ಲಿ ಬಿ.ಎ.ಗೆ ಸೇರಿದೆವು, 1976ರಲ್ಲಿ ಹೊರಬಿದ್ದೆವು. ಐವತ್ತು ವರ್ಷ ತುಂಬಿದ ನೆನಪಿಗೆ ಕೂಟ ನಡೆಸಲು ಹೊರಟಿದ್ದೇವೆ. ಸಂತೋಷ. ಈ ಅರಸೀಕೆರೆ ಜಂಕ್ಷನ್ನಿನಲ್ಲಿ ಮೀಟರ್ ಗೇಜ್ ಗಾಡಿಗೆ ಕಾಯುತ್ತ ಒಂದು ಲೋಟ ಕಾಫಿಯನ್ನು ಇಬ್ಬರು ಹಂಚಿಕೊಂಡವರು ನಾವು. ಆದರೆ ಕಾರ್ಯದರ್ಶಿಗಳು ಈಗ ತಾನೇ ಓದಿದ ಪಟ್ಟಿ ಕೇಳಿ ನನಗೆ ಸಮಾಧಾನವಾಗಲಿಲ್ಲ. ಅದು ಪಾಸಾದವರ ಪಟ್ಟಿ. ನಮ್ಮೊಡನೆ ಸೇರಿ ನಡುವೆ ಬಿಟ್ಟುಹೋದವರು ಅದರಲ್ಲಿ ಒಬ್ಬರೂ ಇಲ್ಲ.

ಹಳೇಬೀಡಿನ ಕಡೆಯ ಹಳ್ಳಿಯಿಂದ ಬಂದಿದ್ದ ಒಬ್ಬ ಗೆಳೆಯನನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಅವನ ತಂದೆ ಗೇಣಿದಾರ. ದೇವರಾಜ ಅರಸರ ಸರ್ಕಾರ ತಂದ ಕಾನೂನಿನಂತೆ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಆದರೆ ಭೂಮಿ ತಾನಾಗಿ ಕೈಗೆ ಬರಲಿಲ್ಲ. ಏಳನೇ ನಮೂನೆಯ ಅರ್ಜಿ ಹಾಕಬೇಕು; ಭೂ ನ್ಯಾಯಮಂಡಳಿಯ ಮುಂದೆ ತಾನು ಗೇಣಿದಾರನೆಂದು ಸಾಬೀತು ಮಾಡಬೇಕು. ಗೇಣಿ ಅಳೆದದ್ದಕ್ಕೆ ರಸೀತಿಯಿಲ್ಲ. ಸಾಕ್ಷಿ ಹೇಳಬೇಕಾದ ನೆರೆಯವರಿಗೆ ಧಣಿಯ ಹೆದರಿಕೆ. ಮನೆಯಲ್ಲಿ ಅಕ್ಷರ ಬಲ್ಲವನು ಇವನೊಬ್ಬನೇ. ಬೇಲೂರಿಗೆ ಅಲೆದೂ ಅಲೆದೂ 1975ರಲ್ಲಿ ಅವನ ಓದು ನಿಂತಿತು.

ಅದೇ ವರ್ಷ ಚರ್ಚಾಸ್ಪರ್ಧೆಯಲ್ಲಿ ‘ಉಳುವವನೇ ಹೊಲದೊಡೆಯ’ ಎಂದು ಗುಡುಗಿ ಬಹುಮಾನ ಪಡೆದವನು ನಾನು! 1951ರ ಕಾಗೋಡು ಸತ್ಯಾಗ್ರಹ, ಲೋಹಿಯಾ ಅವರ ಬಂಧನ, ಶಾಂತವೇರಿ ಗೋಪಾಲಗೌಡರ ಹೋರಾಟ, ಎಲ್ಲವೂ ನನಗೆ ಬಾಯಿಪಾಠ. ಹೋಗುವಾಗ ಅವನು ತನ್ನ ನೋಟ್ಸುಗಳನ್ನು ನನಗೆ ಕೊಟ್ಟ. ಅವನ್ನು ಓದಿ ಪಾಸಾದೆ, ನೌಕರಿ ಹಿಡಿದೆ, ಇಂದು ಪಿಂಚಣಿ ಉಣ್ಣುತ್ತಿದ್ದೇನೆ. ಆ ಭೂಮಿ ಅವರಿಗೆ ದಕ್ಕಿತೇ ಎಂದು ಒಂದು ಕಾರ್ಡು ಬರೆದು ಕೇಳಲಿಲ್ಲ.

1974ರ ನಮ್ಮ ಬೇಲೂರು ಪ್ರವಾಸ ನೆನಪಿದೆಯೇ? ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳಲ್ಲಿ ಹೆಸರು ಕೆತ್ತಿರುವುದನ್ನು ಮೇಷ್ಟ್ರು ವಿವರಿಸಿದರು. ಆಗ ಇವನು, “ಕಲ್ಲು ಹೊತ್ತವರ ಹೆಸರೆಲ್ಲಿದೆ ಸಾರ್?” ಎಂದ. ನಾವು ನಕ್ಕೆವು. ಬೇಲೂರು, ಹಳೇಬೀಡುಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನನಗೆ ನೆನಪಾದದ್ದು ಆ ಪ್ರಶ್ನೆ. ಇಂದು ನಮ್ಮ ಪಟ್ಟಿಗೂ ಅದೇ ಪ್ರಶ್ನೆ ಕೇಳಬೇಕಾಗಿದೆ.

ಆದ್ದರಿಂದ ನನ್ನ ಸೂಚನೆಗಳು ಮೂರು. ಒಂದು, 1973ರಲ್ಲಿ ದಾಖಲಾದವರೆಲ್ಲರ ಪಟ್ಟಿ ಮಾಡೋಣ. ಫೀಸಿಗೆ ಹಣವಿಲ್ಲದೆ ಬಿಟ್ಟವರು, ಮೊದಲ ವರ್ಷ ಮುಗಿಯುವ ಮುನ್ನವೇ ಮದುವೆಯಾಗಿ ಹೋದ ನಮ್ಮ ಸಹಪಾಠಿ ಹೆಣ್ಣುಮಕ್ಕಳು, ಎಲ್ಲರೂ ಅದರಲ್ಲಿ ಬರಲಿ. ಎರಡು, ತಲೆಗೆ ಎರಡು ಸಾವಿರ ರೂಪಾಯಿ ವಂತಿಗೆ ಬೇಡ. ಪಿಂಚಣಿ ಬರುವವರು ಖರ್ಚು ಹೊರೋಣ. ಮೂರು, ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದು ಬೇಡ. ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿ ಕೂರಲಿ. ಇದನ್ನು ಉಪಕಾರವೆಂದು ಯಾರೂ ಭಾವಿಸಬಾರದು. ಐವತ್ತು ವರ್ಷದ ಬಾಕಿ ಇದು.

ಬರುವ ಭಾನುವಾರ ಹಳೇಬೀಡಿನ ಬಸ್ಸು ಹತ್ತುತ್ತೇನೆ. ಅವನು ಬದುಕಿದ್ದು, “ಈಗ ಬಂದೆಯೇನೋ?” ಎಂದು ಬೈದರೆ ಬೈಸಿಕೊಳ್ಳುತ್ತೇನೆ. ನೀವೂ ತಲೆಗೊಂದು ಹೆಸರು ಹೊತ್ತು ಇಲ್ಲಿಂದ ಏಳಿ. ಅವರು ಬಂದ ಮೇಲೆ ಕೂಟದ ತಾರೀಖು ಗೊತ್ತುಮಾಡೋಣ.